ಬೇಲದಿನ್ನೆಯ ಫೋನು ಚಾಲ್ತಿಯಲ್ಲಿದೆ

ದೆಹಲಿ
12 ಜೂನ್ 2006

ಸೊಣ್ಣಾ,

ಈ ಅಕ್ಷರ ಯಾರದೆಂದು ಕೂಡಲೇ ಹೊಳೆಯಲಿಕ್ಕಿಲ್ಲ. ದೇವನಹಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂರು ವರ್ಷ ನಿನ್ನ ಪಕ್ಕ ಕೂತು, ನಿನ್ನ ಬೀಜಗಣಿತ ನೋಡಿಕೊಂಡು ಬರೆದು ಪಾಸಾದ ತಂಜೀಲಾ ನಾನು. ಮದುವೆಯಾಗಿ ಬೇಲದಿನ್ನೆಗೆ ಹೋದೆ, ಅಲ್ಲಿ ಪೋಸ್ಟ್ ಮಾಸ್ಟರ್ ಆದೆ ಎಂದು ಅಮ್ಮಿ ಹೇಳುತ್ತಿದ್ದರು. ಬರೆಯಬೇಕು ಎಂದುಕೊಂಡೇ ಹದಿನಾಲ್ಕು ವರ್ಷ ಕಳೆದೆ.

ನಾನೀಗ ವಕೀಲೆ, ಆದರೆ ಕೋರ್ಟಿಗೆ ಹೋಗುವುದಿಲ್ಲ. ಹಳ್ಳಿಗಳಲ್ಲಿ ಫೋನು ನಡೆಸುವ ಕಂಪನಿಗಳೆಲ್ಲ ಸೇರಿ ಮಾಡಿಕೊಂಡ ಒಕ್ಕೂಟವೊಂದು ಇಲ್ಲಿದೆ. ಹಳ್ಳಿ ಫೋನಿನಿಂದ ಲಾಭವಿಲ್ಲವೆಂದು ಸರ್ಕಾರ ಒಂದು ನಿಧಿಯಿಂದ ಕಂಪನಿಗಳಿಗೆ ಸಹಾಯಧನ ಕೊಡುತ್ತದೆ. ಆ ಸಹಾಯಧನದ ನಿಯಮ ಹೇಗಿರಬೇಕು ಎಂದು ಕಂಪನಿಗಳ ಪರವಾಗಿ ಸರ್ಕಾರಕ್ಕೆ ಬರೆದು ಒಪ್ಪಿಸುವುದು ನನ್ನ ಕೆಲಸ.

ಮೊನ್ನೆ ಹಳ್ಳಿಗಳ ಪಟ್ಟಿ ತಿರುವಿ ಹಾಕುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು: ಬೇಲದಿನ್ನೆ, ಶಾಖಾ ಅಂಚೆ ಕಚೇರಿ, ಉಸ್ತುವಾರಿ ಸೊಣ್ಣಮ್ಮ, ಚಾಲ್ತಿಯಲ್ಲಿದೆ. ಕುರ್ಚಿಯಿಂದ ಎದ್ದೇಬಿಟ್ಟೆ. ತಕ್ಷಣ ಫೋನು ಮಾಡಿದೆ. ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಊರಿನವರೆಲ್ಲ ನಿನ್ನ ಜಗಲಿಯಲ್ಲಿ ಸರದಿ ನಿಂತಿರಬೇಕು ಎಂದುಕೊಂಡು ಈ ಕಾಗದ ಹಿಡಿದೆ.

ಒಂದು ಉಪಕಾರ ಮಾಡು. ಆ ಫೋನು ಬಂದ ಮೇಲೆ ಊರಿಗೆ ಏನಾಯಿತು, ನಿನ್ನ ಮಾತಿನಲ್ಲೇ ಬರೆದು ಕಳಿಸು. ಇಲ್ಲಿ ಎಲ್ಲರೂ ಅಂಕಿಅಂಶ ಬರೆಯುತ್ತಾರೆ, ಮನುಷ್ಯರ ಸುದ್ದಿ ಯಾರ ಬಳಿಯೂ ಇಲ್ಲ.

ನಿನ್ನ
ತಂಜೀಲಾ

*

ಬೇಲದಿನ್ನೆ, ನಲ್ಲೂರು ಹತ್ತಿರ
3 ಜುಲೈ 2006

ತಂಜೀ,

ಟಪಾಲು ಚೀಲ ಬಿಚ್ಚಿ ಬೇರೆಯವರ ಕಾಗದ ಹಂಚುವವಳಿಗೆ ತನ್ನ ಹೆಸರಿನ ಕಾಗದ ಸಿಕ್ಕರೆ ಹೇಗಾಗುತ್ತದೆ ನೋಡು. ಠಸ್ಸೆ ಒತ್ತುವುದನ್ನೇ ಮರೆತೆ.

ನಾನು ಚೆನ್ನಾಗಿದ್ದೇನೆ. ಯಜಮಾನರು ವಿಮಾನ ನಿಲ್ದಾಣದ ಕೆಲಸದಲ್ಲಿ ರೋಡ್ ರೋಲರ್ ಓಡಿಸುತ್ತಾರೆ. ನಮ್ಮ ಸೀಮೆ ನಿನಗೀಗ ಗುರುತು ಸಿಗುವುದಿಲ್ಲ. ದಿಬ್ಬಗಳನ್ನೆಲ್ಲ ಕಡಿದು ಮಟ್ಟ ಮಾಡಿದ್ದಾರೆ. ದೇವನಹಳ್ಳಿಗೆ ಹೋಗುವ ನೇರ ದಾರಿ ಬೇಲಿಯೊಳಗೆ ಸೇರಿಹೋಗಿ, ಈಗ ಬಸ್ಸು ಸುತ್ತಿ ಬಳಸಿ ಹೋಗುತ್ತದೆ.

ಫೋನಿನ ವಿಷಯ ಕೇಳಿದ್ದೀಯ. 2004ರ ಸಂಕ್ರಾಂತಿ ಕಳೆದ ವಾರ ಬಂತು. ತಂತಿಯಿಲ್ಲದ್ದು, ಬಿಳಿ ಡಬ್ಬಿ, ಮೇಲೊಂದು ಗಿಡ್ಡ ಕಡ್ಡಿ. ಊರಿಗೆಲ್ಲ ಒಂದೇ ಎಂದು ಅಂಚೆ ಕಚೇರಿಯಾದ ನಮ್ಮ ಮುಂದಿನ ಕೋಣೆಯಲ್ಲಿ ಇಟ್ಟರು. ಆ ವರ್ಷ ಏಪ್ರಿಲ್‌ನಲ್ಲಿ ಎದುರು ಮನೆ ಕದಿರಮ್ಮನಿಗೆ ಹೆರಿಗೆ ನೋವು ಬಂತು. ಅವಳ ಗಂಡ ಆವಲಪ್ಪ ಗಾರೆ ಕೆಲಸಕ್ಕೆ ಹೊಸಕೋಟೆಗೆ ಹೋಗಿದ್ದ. ಚೊಚ್ಚಲು, ಮಗು ಅಡ್ಡ ತಿರುಗಿದೆ ಎಂದು ನೋಡಿದವರೆಲ್ಲ ಕೈಚೆಲ್ಲಿದರು. ನಾನು ಆಸ್ಪತ್ರೆಗೆ ಫೋನು ಮಾಡಿದೆ. ನಲವತ್ತು ನಿಮಿಷಕ್ಕೆ ಜೀಪು ಬಂತು. ಜೀಪಿನಲ್ಲಿ ನನ್ನ ಕೈ ಹಿಡಿದುಕೊಂಡೇ ಹೋದಳು. ಹೆಣ್ಣು ಮಗು. ಹರ್ಷಿತ ಅಂತ ಹೆಸರು. ಇವತ್ತಿಗೂ ಕದಿರಮ್ಮ ನಮ್ಮ ಮನೆಗೆ ಬಂದರೆ ಮೊದಲು ಆ ಡಬ್ಬಿಯ ಮೇಲಿನ ಧೂಳು ಸೆರಗಿನಿಂದ ಒರೆಸುತ್ತಾಳೆ.

ಇನ್ನೂ ಬರೆಯುವುದಿದೆ. ಚೀಲ ಕಟ್ಟುವ ಹೊತ್ತಾಯಿತು, ಇಲ್ಲಿಗೆ ಬಿಡುತ್ತೇನೆ.

ಸೊಣ್ಣಮ್ಮ

*

ದೆಹಲಿ
9 ಆಗಸ್ಟ್ 2006

ಸೊಣ್ಣಾ,

ನಿನ್ನ ಕಾಗದ ಇಲ್ಲಿ ಏನು ಮಾಡಿತು ಗೊತ್ತೇ? ಇಂಗ್ಲಿಷಿಗೆ ಮಾಡಿ ನಮ್ಮ ನಿರ್ದೇಶಕ ಶ್ರೀಧರ್ ಅವರಿಗೆ ಓದಿದೆ. ಅವರು ಮಂಡ್ಯ ಕಡೆಯವರು, ಕನ್ನಡದ ಮೂಲವನ್ನೂ ಕೇಳಿ ಪಡೆದು ಓದಿದರು. ಹತ್ತು ವರ್ಷದಲ್ಲಿ ನಾವು ಬರೆದ ಪುಟಗಳೆಲ್ಲ ಈ ಒಂದು ಪುಟಕ್ಕೆ ಸಮವಲ್ಲ ಎಂದರು. ನಾವು ಹೊರತರುವ ಕಿರುಹೊತ್ತಿಗೆಯಲ್ಲಿ ಮೊದಲ ಪುಟಕ್ಕೇ ಹಾಕಿದೆವು. ಪ್ರತಿ ಇಟ್ಟಿದ್ದೇನೆ. ಇದು ಮಂತ್ರಿಗಳ ಕಚೇರಿಗೂ, ನಿಧಿಯ ಅಧಿಕಾರಿಗಳಿಗೂ ಹೋಗಿದೆ. ಮುಂದೆ ಹಳ್ಳಿಗೆ ಬ್ರಾಡ್‌ಬ್ಯಾಂಡ್ ತರುವ ಯೋಜನೆಗೂ ಇದೇ ನಿಧಿಯಿಂದ ಸಹಾಯಧನ ಬರುವುದರಿಂದ ಈಗಿನ ನಿಯಮ ಹೇಗೆ ರೂಪುಗೊಳ್ಳುತ್ತದೆ ಎಂಬುದು ಎಲ್ಲರಿಗೂ ದೊಡ್ಡ ವಿಷಯ.

ಕೊನೆಯಲ್ಲಿ ಒಂದು ವಾಕ್ಯ ನಾನು ಸೇರಿಸಿದ್ದೇನೆ, ಮುಕ್ತಾಯ ಬೇಕಿತ್ತು ಅಷ್ಟೇ. ಕದಿರಮ್ಮನಿಗೆ ಹೇಳು, ಅವಳ ಮಗಳ ಹೆಸರು ದೆಹಲಿಯಲ್ಲಿ ಓಡಾಡುತ್ತಿದೆ ಎಂದು.

ಮತ್ತೆ ಎರಡು ಸಲ ಫೋನು ಮಾಡಿದೆ. ನಿಮ್ಮ ಊರು ಬಹಳ ಮಾತಿನ ಊರು ಕಣೇ.

ತಂಜೀಲಾ

*

ಬೇಲದಿನ್ನೆ
20 ಅಕ್ಟೋಬರ್ 2006

ತಂಜೀ,

ಪುಸ್ತಕ ತಲುಪಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಶಾಲೆಯ ಮೇಷ್ಟ್ರಿಂದ ಓದಿಸಿ ಅರ್ಥ ಕೇಳಿದೆ. ಕೊನೆಯಲ್ಲಿ, ಇಂದಿಗೂ ಬೇಲದಿನ್ನೆಗೆ ಹಗಲಿರುಳು ಈ ಫೋನೇ ಆಸರೆ ಎಂದಿದೆಯಂತೆ. ಇರಲಿ.

ಒಂದು ಕೇಳುವುದಿತ್ತು. ಫೋನು ಮಾತಾಡದಿದ್ದರೆ ಯಾರಿಗೆ ಹೇಳಬೇಕು? ಆದಿನಾರಾಯಣಪ್ಪನವರ ಹೊಲದಲ್ಲಿ ಕಂಪನಿಯ ಟವರ್ ಇತ್ತು. ಹೋದ ವರ್ಷ ಅದನ್ನು ಬಿಚ್ಚಿ, ವಿಮಾನ ನಿಲ್ದಾಣದ ಹೊಸ ರಸ್ತೆಯ ಕಡೆಗೆ ಸಾಗಿಸಿದರು. ಅಲ್ಲಿಂದೀಚೆಗೆ ಒಂದೊಂದು ದಿನ ರಿಸೀವರ್ ಎತ್ತಿದರೆ ಸದ್ದಿರುವುದಿಲ್ಲ. ತಿಂಗಳಿಗೊಮ್ಮೆ ಕಂಪನಿಯ ವಿಜಯ್ ಎಂಬ ಹುಡುಗ ಬೈಕಿನಲ್ಲಿ ಬರುತ್ತಾನೆ. ಅವನನ್ನು ಕೇಳಿದರೆ, ಆಯ್ತಕ್ಕ, ಆಯ್ತಕ್ಕ ಅನ್ನುತ್ತಾನೆ. ಒಳ್ಳೆಯವನೇ.

ಕದಿರಮ್ಮ ಮತ್ತೆ ಬಸುರಿ. ಡಿಸೆಂಬರಿಗೆ ದಿನ ತುಂಬುತ್ತದೆ. ಈ ಸಲ ಏಳನೆಯ ತಿಂಗಳಿಗೇ ನಮ್ಮ ತಾಲೂಕಿನ ವಿಜಯಪುರಕ್ಕೆ ತವರಿಗೆ ಹೋಗುತ್ತೇನೆ, ಅಲ್ಲಿ ಆಸ್ಪತ್ರೆ ಹತ್ತಿರ ಅನ್ನುತ್ತಿದ್ದಳು. ಈಗ ಮನಸ್ಸು ಬದಲಾಯಿಸಿದ್ದಾಳೆ.

ನಿಮ್ಮ ಅಮ್ಮ ಸಂತೆಯಲ್ಲಿ ಸಿಕ್ಕಿದ್ದರು. ನೀನು ಊಟ ಸರಿಯಾಗಿ ಮಾಡುವುದಿಲ್ಲವೆಂದು ನನಗೆ ದೂರು.

ಸೊಣ್ಣಮ್ಮ

*

ದೆಹಲಿ
27 ನವೆಂಬರ್ 2006

ಸೊಣ್ಣಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಸರ್ಕಾರ ಕರಡು ನಿಯಮ ಹೊರಡಿಸಿದೆ. ಮೂರು ತಿಂಗಳಲ್ಲಿ ಏಳು ದಿನಕ್ಕಿಂತ ಹೆಚ್ಚು ಫೋನು ಕೆಟ್ಟಿದ್ದರೆ ಆ ಅವಧಿಯ ಸಹಾಯಧನ ಕಡಿತ, ಮೇಲೆ ದಂಡ. ಫೋನು ನಡೆಯುತ್ತಿದೆ ಎಂದು ಈಗಿನಂತೆ ನಿನ್ನಂಥ ಉಸ್ತುವಾರಿಗಳೇ ಪ್ರತಿ ತಿಂಗಳು ರುಜು ಹಾಕಿ ದೃಢೀಕರಿಸಬೇಕು. ನಮ್ಮ ಒಕ್ಕೂಟದ ವಾದ ಬೇರೆ. ಹಳ್ಳಿಯವರ ಮೇಲೆ ಈ ಕಾಗದಪತ್ರದ ಹೊರೆ ಯಾಕೆ, ಕಂಪನಿಯ ಕಂಪ್ಯೂಟರಿನಲ್ಲಿ ದಾಖಲೆ ಇರುತ್ತದಲ್ಲ, ಅದೇ ಸಾಕು ಎನ್ನುತ್ತೇವೆ.

ಒಂದು ನಮೂನೆ ಇಟ್ಟಿದ್ದೇನೆ. ತಿಂಗಳು ತಿಂಗಳು ದೃಢೀಕರಣ ಬರೆಯುವುದು ನಮಗೆ ಕಷ್ಟ ಎಂದು ಅದರಲ್ಲಿದೆ. ನಿನಗೂ ಹಾಗೆ ಅನ್ನಿಸುವುದಾದರೆ ಸಹಿ ಮಾಡಿ ಕಳಿಸು.

ದೂರು ಕೊಡಲು ಒಂದು ನಂಬರಿದೆ, ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಯಾವುದೇ ಫೋನಿನಿಂದ ಮಾಡಿದರೂ ದುಡ್ಡಿಲ್ಲ. ಒಂದೆರಡು ದಿನ ಸದ್ದಿಲ್ಲದಿರುವುದು ಎಲ್ಲ ಕಡೆ ಇದ್ದದ್ದೇ, ತಲೆ ಕೆಡಿಸಿಕೊಳ್ಳಬೇಡ. ಕದಿರಮ್ಮನಿಗೆ ಗಂಡು ಹುಟ್ಟಿದರೆ ಸಿಹಿ ನನ್ನ ಲೆಕ್ಕಕ್ಕೆ.

ತಂಜೀಲಾ

*

ಬೇಲದಿನ್ನೆ
4 ಜನವರಿ 2007

ತಂಜೀಲಾ,

ಗಂಡೇ ಹುಟ್ಟಿತು. ಉಳಿಯಲಿಲ್ಲ.

ಡಿಸೆಂಬರ್ ಹತ್ತೊಂಬತ್ತು, ಮಂಗಳವಾರ. ಬೆಳಿಗ್ಗೆ ಹನ್ನೊಂದು ಗಂಟೆಯಿರಬಹುದು. ನಾನು ಮನಿಯಾರ್ಡರ್ ಹಂಚುತ್ತಿದ್ದೆ. ಕದಿರಮ್ಮ ಗೋಡೆ ಹಿಡಿದುಕೊಂಡು ಬಂದಳು. ನೋವು ಶುರುವಾಗಿದೆ, ಫೋನು ಮಾಡಕ್ಕ ಎಂದು ಹೇಳಿ ಬೆಂಚಿನ ಮೇಲೆ ಕೂತಳು. ಹೆದರಿರಲಿಲ್ಲ. ಹರ್ಷಿತಳನ್ನು ಯಾರ ಹತ್ತಿರ ಬಿಟ್ಟಿದ್ದೇನೆ, ಒಲೆ ಆರಿಸಿದ್ದೇನೆ ಎಂದೆಲ್ಲ ಹೇಳುತ್ತಿದ್ದಳು. ನಾನು ರಿಸೀವರ್ ಎತ್ತಿದೆ. ಸದ್ದಿಲ್ಲ. ಬ್ಯಾಟರಿ ತೆಗೆದು ಹಾಕಿದೆ. ಡಬ್ಬಿಯನ್ನು ಕಿಟಕಿಗೆ, ಅಂಗಳಕ್ಕೆ, ಕೊನೆಗೆ ಮಾಳಿಗೆಗೆ ಹೊತ್ತುಕೊಂಡು ಹೋದೆ. ಊರಿನಲ್ಲಿ ಮೊಬೈಲ್ ಇದ್ದವರು ಇಬ್ಬರು, ಇಬ್ಬರೂ ಬೆಂಗಳೂರಿಗೆ ಹೋಗಿದ್ದರು. ಮುಕ್ಕಾಲು ಗಂಟೆ ಹೀಗೇ ಕಳೆದೆ. ಅವಳು ಕೆಳಗಿನಿಂದ ಕೇಳುತ್ತಲೇ ಇದ್ದಳು, ಸಿಕ್ತಾ ಅಕ್ಕ, ಸಿಕ್ತಾ ಎಂದು.

ಕೊನೆಗೆ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿ ಹೊರಟೆವು. ಬೇಲಿ ಸುತ್ತಿ, ಲಾರಿಗಳ ಸಾಲಿನಲ್ಲಿ ನಿಂತು, ಆಸ್ಪತ್ರೆ ಸೇರುವಾಗ ಮೂರು ಗಂಟೆ ದಾಟಿತ್ತು. ಅರ್ಧ ಗಂಟೆ ಮೊದಲು ಬಂದಿದ್ದರೆ ಎಂದು ಡಾಕ್ಟರಮ್ಮ ಅರ್ಧಕ್ಕೇ ಮಾತು ನಿಲ್ಲಿಸಿದರು. ಕದಿರಮ್ಮ ಬದುಕಿದಳು.

ಈಗ ನಿನಗೆ ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಟವರ್ ಹೋದಾಗಿನಿಂದ ಫೋನು ತಿಂಗಳಲ್ಲಿ ನಾಲ್ಕು ದಿನ ಬದುಕಿದ್ದರೆ ಹೆಚ್ಚು. ನೀನು ಮಾತಿನ ಊರು ಎಂದು ನಕ್ಕೆಯಲ್ಲ, ಆಗೆಲ್ಲ ಅದು ಸತ್ತೇ ಇತ್ತು. ದಿನಾ ಬೆಳಿಗ್ಗೆ ಎತ್ತಿ ಕೇಳಿ, ಸದ್ದಿಲ್ಲದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಸೊನ್ನೆ ಹಾಕುತ್ತಿದ್ದೆ. ವಿಜಯ್ ತಿಂಗಳು ತಿಂಗಳು ಒಂದು ಹಾಳೆ ತರುತ್ತಿದ್ದ. ಫೋನು ಚಾಲ್ತಿಯಲ್ಲಿದೆ ಎಂದು ಮೊದಲೇ ಅಚ್ಚಾಗಿರುತ್ತಿತ್ತು. ರುಜು ಹಾಕದಿದ್ದರೆ ಡಬ್ಬಿಯನ್ನೇ ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ನಿಮ್ಮೂರಿಗೆ ಯಾವ ಕಾಲಕ್ಕೂ ಬರುವುದಿಲ್ಲ ಅನ್ನುತ್ತಿದ್ದ. ಇಂದಲ್ಲ ನಾಳೆ ಸರಿಹೋಗುತ್ತದೆಂದು ನಾನು ಹಾಕುತ್ತಿದ್ದೆ. ಹದಿಮೂರು ರುಜು. ನವೆಂಬರಿನಲ್ಲಿ ಅವನು ಹೊಸ ಕಡ್ಡಿ ಸಿಕ್ಕಿಸಿದ, ಎರಡು ದಿನ ಚೆನ್ನಾಗಿ ಮಾತಾಡಿತು. ಕದಿರಮ್ಮ ತವರಿಗೆ ಹೋಗಲು ಆಗಲೂ ಒಂದು ಕಾಲು ಹೊರಗಿಟ್ಟೇ ಇದ್ದಳು. ಫೋನಿದೆ, ನಾನಿದ್ದೇನೆ ಎಂದು ಉಳಿಸಿಕೊಂಡವಳು ನಾನು.

ನಿನ್ನ ನಮೂನೆ ವಾಪಸು ಕಳಿಸಿದ್ದೇನೆ. ರುಜು ಹಾಕುವುದು ಕಷ್ಟ ಎಂದಿದೆ ಅದರಲ್ಲಿ. ಕಷ್ಟವಾಗಲಿಲ್ಲ ನನಗೆ. ಬಹಳ ಸುಲಭವಾಗಿತ್ತು.

ಸೊಣ್ಣಮ್ಮ

*

ದೆಹಲಿ
2 ಮಾರ್ಚ್ 2007

ಸೊಣ್ಣಾ,

ನಿನ್ನ ಕಾಗದ ಜನವರಿ ಹನ್ನೊಂದಕ್ಕೇ ಬಂತು. ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೆ. ದಿನಾ ಉತ್ತರ ಬರೆಯಲು ಕೂರುವುದು, ಇನ್ನೇನೋ ತುರ್ತು ಕೆಲಸ ಹುಡುಕಿಕೊಳ್ಳುವುದು.

ನನ್ನದೂ ಒಂದಿದೆ. ನಾನು ಬೇಲದಿನ್ನೆಗೆ ಫೋನು ಮಾಡಿದ್ದು ನಿನಗೆ ಹೇಳಿದ ನಾಲ್ಕೈದು ಸಲ ಅಲ್ಲ. ಹೊತ್ತಿಗೆ ಅಚ್ಚಿಗೆ ಹೋಗುವ ಮೊದಲು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹನ್ನೊಂದು ಸಲ ಮಾಡಿದ್ದೆ. ಬೇರೆಯವರು ಮಾತಾಡುತ್ತಿರುವಾಗ ಕೇಳುವ ಸದ್ದೇ ಬೇರೆ, ಸಂಪರ್ಕವೇ ಇಲ್ಲದಿದ್ದಾಗ ಬರುವ ದನಿಯೇ ಬೇರೆ. ಈ ಕೆಲಸ ಮಾಡುವವಳಿಗೆ ಅಷ್ಟು ಗೊತ್ತಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಆ ಕೊನೆಯ ವಾಕ್ಯ ಸೇರಿಸಿದೆ.

ಕರಡು ನಿಯಮದ ಮೇಲೆ ಏಪ್ರಿಲ್ ಹದಿನೆಂಟಕ್ಕೆ ಬೆಂಗಳೂರಿನಲ್ಲಿ ಬಹಿರಂಗ ವಿಚಾರಣೆ ಇದೆ. ದೆಹಲಿಯಿಂದ ನಿಧಿಯ ಅಧಿಕಾರಿ ಬರುತ್ತಾರೆ. ನಾನು ಒಕ್ಕೂಟದ ಸಾಲಿನಲ್ಲಿ ಕೂರಬೇಕು. ಯಾರು ಬೇಕಾದರೂ ಬಂದು ಮಾತಾಡಬಹುದು ಎಂದು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ನೀನು ನೋಡುತ್ತೀಯೆಂದು ಮೊದಲೇ ಹೇಳುತ್ತಿದ್ದೇನೆ: ಬರಬೇಡ. ದಯವಿಟ್ಟು ಬರಬೇಡ. ಕಾರಣ ಕಾಗದದಲ್ಲಿ ಬರೆಯಲಾರೆ.

ಕದಿರಮ್ಮನಿಗೆ ಏನು ಹೇಳಲಿ, ತೋಚುತ್ತಿಲ್ಲ.

ತಂಜೀಲಾ

*

ಬೇಲದಿನ್ನೆ
26 ಮಾರ್ಚ್ 2007

ತಂಜೀಲಾ,

ಬರಬೇಡ ಎಂದದ್ದು ನನ್ನ ಗೆಳತಿಯೋ, ಕಂಪನಿಗಳ ವಕೀಲೆಯೋ? ಎರಡು ಸಲ ಓದಿದೆ, ತಿಳಿಯಲಿಲ್ಲ.

ಪ್ರಕಟಣೆ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಸೊಣ್ಣಮ್ಮ

*

ಬೇಲದಿನ್ನೆ
21 ಏಪ್ರಿಲ್ 2007

ತಂಜೀಲಾ,

ಹದಿನಾಲ್ಕು ವರ್ಷದ ಮೇಲೆ ನಿನ್ನ ಮುಖ ನೋಡಿದೆ. ಕೂದಲು ಕತ್ತರಿಸಿಕೊಂಡಿದ್ದೀಯ. ನೀನು ನನ್ನನ್ನು ಬಾಗಿಲಲ್ಲೇ ಕಂಡೆ. ಕಂಡು ತಲೆ ತಗ್ಗಿಸಿದೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟಿದ್ದೆ. ಎರಡು ವರ್ಷದ ಕ್ಯಾಲೆಂಡರ್ ಸುರುಳಿ ಸುತ್ತಿ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡಿದ್ದೆ. ಊಟದ ಹೊತ್ತಿನವರೆಗೂ ಕೋಟಿನವರೇ ಮಾತಾಡಿದರು. ಪರದೆಯ ಮೇಲೆ ಬಣ್ಣಬಣ್ಣದ ಗೆರೆ. ನನ್ನ ಸರದಿ ಬಂದಾಗ ಅಧಿಕಾರಿ ನನಗೆ ಕುರ್ಚಿ ಕೊಡಿಸಿ, ಇವರ ಮಾತನ್ನು ಇಂಗ್ಲಿಷಿನಲ್ಲಿ ದಾಖಲೆಗೆ ಹೇಳುವವರು ಯಾರು ಎಂದು ಕೇಳಿದರಂತೆ. ಕನ್ನಡ ಬಲ್ಲವರು ಆ ಸಭೆಯಲ್ಲಿ ಹತ್ತಾರು ಜನರಿದ್ದರು. ಎಲ್ಲರಿಗಿಂತ ಮೊದಲು ಎದ್ದವಳು ನೀನು.

ಟವರ್ ಹೋದದ್ದು ಹೇಳಿದೆ. ಕದಿರಮ್ಮನ ಹೆರಿಗೆ ಹೇಳಿದೆ. ನಿಮ್ಮ ಪುಸ್ತಕದ ಮೊದಲ ಪುಟದ ಹೆಂಗಸು ಇವಳೇ, ಕೊನೆಯ ವಾಕ್ಯ ನಾನು ಬರೆದದ್ದಲ್ಲ ಎಂದೂ ಹೇಳಿದೆ. ನೀನು ಒಂದೊಂದನ್ನೂ ಇಂಗ್ಲಿಷಿಗೆ ಹೇಳುತ್ತಾ ಹೋದೆ. ನನಗೆ ಇಂಗ್ಲಿಷ್ ಬಾರದಿದ್ದರೂ ಮಾತು ಎಷ್ಟು ಉದ್ದ ಎಂದು ಕಿವಿಗೆ ತಿಳಿಯುತ್ತದೆ. ಆಮೇಲೆ ನಾನು ಹೇಳಿದೆ, ನೆನಪಿದೆಯೇ: "ಇದೆಲ್ಲ ಗೊತ್ತಿದ್ದೂ ಫೋನು ನಡೀತಿದೆ ಅಂತ ಹದಿಮೂರು ಸಲ ರುಜು ಹಾಕ್ದವಳು ನಾನೇ ಸ್ವಾಮಿ." ಅದನ್ನು ನೀನು ಇಂಗ್ಲಿಷಿಗೆ ಹೇಳಲೇ ಇಲ್ಲ. ಕ್ಯಾಲೆಂಡರ್ ತೋರಿಸುವಂತೆ ನನಗೆ ಕೈಸನ್ನೆ ಮಾಡಿದೆ. ಅಧಿಕಾರಿ ಸೊನ್ನೆಗಳನ್ನು ಎಣಿಸತೊಡಗಿದರು, ನನ್ನ ಮಾತು ಅಲ್ಲೇ ಬಿದ್ದುಹೋಯಿತು.

ಆ ಮಾತು ಹೇಳಲೆಂದೇ ನಾನು ಬಂದಿದ್ದೆ. ಉಳಿದದ್ದನ್ನು ಯಾರಾದರೂ ಹೇಳಬಹುದಿತ್ತು. ಮುಗಿದ ಮೇಲೆ ಮಾತಾಡಿಸೋಣವೆಂದರೆ ನಿನ್ನನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ನನಗೆ ಬಸ್ಸಿತ್ತು.

ಅಂದು ನೀನು ನನ್ನ ಪುಟಕ್ಕೆ ಒಂದು ವಾಕ್ಯ ಸೇರಿಸಿದೆ. ಈಗ ಒಂದು ವಾಕ್ಯ ಕಳೆದೆ. ನಿನ್ನ ಕೈಗೆ ಸಿಕ್ಕ ನನ್ನ ಮಾತು ಒಂದು ಸಲವೂ ಇದ್ದಂತೆ ಆಚೆ ಬರಲಿಲ್ಲ.

ಸೊಣ್ಣಮ್ಮ

*

ದೆಹಲಿ
5 ಮೇ 2007

ಸೊಣ್ಣಾ,

ಹೌದು, ಬೇಕೆಂದೇ ಬಿಟ್ಟೆ. ಯಾಕೆಂದು ಹೇಳುತ್ತೇನೆ, ಆಮೇಲೆ ನೀನು ಬೈಯಿ.

ನೀನು ಅಂಚೆ ಇಲಾಖೆಯ ಕೆಲಸದಲ್ಲಿದ್ದೀಯ. ಸುಳ್ಳು ದೃಢೀಕರಣಕ್ಕೆ ರುಜು ಹಾಕಿದೆನೆಂದು ಸರ್ಕಾರಿ ದಾಖಲೆಯಲ್ಲಿ ಬಂದರೆ ಆ ಕೆಲಸಕ್ಕೇ ಕುತ್ತು. ಬರಬೇಡ ಎಂದದ್ದು ಅದಕ್ಕೆ. ಕಾಗದದಲ್ಲಿ ಬರೆಯದೆ ಬಿಟ್ಟದ್ದೂ ಅದಕ್ಕೇ, ಯಾರ ಕೈಗಾದರೂ ಸಿಕ್ಕರೆ ಎಂದು. ನಾನೇ ಮೊದಲು ಎದ್ದದ್ದು ಆ ಒಂದು ಮಾತು ದಾಖಲೆಗೆ ಹೋಗದಂತೆ ತಡೆಯಲು.

ಇನ್ನೊಂದೂ ಇದೆ. ಕಾರಿನಲ್ಲಿ ಶ್ರೀಧರ್ ಕೇಳಿದರು: "ಸುಳ್ಳು ರುಜು ಹಾಕ್ದೆ ಅಂತ ಆಯಮ್ಮನೇ ಒಪ್ಕೊಂಡ್ರಲ್ಲ, ಅದನ್ಯಾಕ್ರೀ ಬಿಟ್ರಿ? ನಮಗೆ ಬೇಕಾಗಿದ್ದೇ ಅದು." ಯೋಚಿಸು. ಹಳ್ಳಿಯವರ ರುಜುವನ್ನು ನಂಬಲಾಗದು, ಕಂಪನಿಯ ಕಂಪ್ಯೂಟರನ್ನೇ ನಂಬಿ ಎಂಬುದು ನಮ್ಮ ವಾದ. ನಿನ್ನ ತಪ್ಪೊಪ್ಪಿಗೆ ಅವರ ಕೈಗೆ ಸಿಕ್ಕಿದ್ದರೆ ದೇಶದ ಯಾವ ಹಳ್ಳಿಯಲ್ಲೂ ನಿಮ್ಮ ಫೋನು ಸತ್ತಿದೆಯೇ ಎಂದು ಹಳ್ಳಿಯವರನ್ನು ಕೇಳುವವರು ಇರುತ್ತಿರಲಿಲ್ಲ. ಅಂದಿನಿಂದ ಶ್ರೀಧರ್ ನನ್ನ ಮುಂದೆ ಕಡತ ತೆರೆಯುವುದಿಲ್ಲ.

ಇಷ್ಟಾದರೂ ಒಪ್ಪುತ್ತೇನೆ, ಅದು ನಿನ್ನ ಮಾತು, ನನ್ನದಲ್ಲ. ಹೇಳಬೇಕೋ ಬೇಡವೋ ಎಂದು ನಿನ್ನನ್ನು ಕೇಳಬೇಕಿತ್ತು. ಆ ಅಧಿಕಾರಿಯ ವಿಳಾಸ ಇಟ್ಟಿದ್ದೇನೆ. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ತಂಜೀಲಾ

*

ಬೇಲದಿನ್ನೆ
30 ಜೂನ್ 2007

ತಂಜೀ,

ನಿನ್ನ ಕಾಗದ ಓದಿದ ಮೇಲೆ ಎರಡು ವಾರ ಒಲೆಯ ಮುಂದೂ ಅದೇ, ಠಸ್ಸೆ ಒತ್ತುವಾಗಲೂ ಅದೇ. ಹೇಳಿದರೆ ಕಂಪನಿಗೆ ಅನುಕೂಲ, ಹೇಳದಿದ್ದರೆ ನನಗೆ ಅನುಕೂಲ. ಎರಡೂ ಬೇಡವೆನ್ನಿಸಿತು.

ಅಧಿಕಾರಿಗೆ ನಾಲ್ಕು ಪುಟ ಕನ್ನಡದಲ್ಲೇ ಬರೆದು ರಿಜಿಸ್ಟರ್ ಮಾಡಿದೆ. ಸುಳ್ಳು ರುಜು ಹಾಕಿದ್ದು ನಾನು ಎಂದು ಮೊದಲ ಸಾಲಿನಲ್ಲೇ ಇದೆ. ಹಾಕಿಸಿದ್ದು ಹೇಗೆ ಎಂದು ಉಳಿದ ಸಾಲುಗಳಲ್ಲಿ. ಫೋನು ನಡೆಸುವವನ ಆಳೇ ಹಾಳೆ ತಂದು, ಉತ್ತರ ಮೊದಲೇ ಅಚ್ಚು ಹಾಕಿಸಿ, ಬೈಕು ಆರಿಸದೆ ನಿಂತು ರುಜು ಕೇಳಿದರೆ ಬಡವರು ಏನು ಬರೆಯುತ್ತಾರೆ? ಹಳ್ಳಿಯವರನ್ನು ಕೇಳುವುದು ಬಿಡಬೇಡಿ, ಕೇಳುವ ಬಗೆ ಬದಲಾಯಿಸಿ. ಹಾಳೆ ಖಾಲಿಯಿರಲಿ, ಅಂಚೆಯಲ್ಲಿ ನೇರ ನಿಮಗೇ ಬರಲಿ, ಕಂಪನಿಯ ಕೈ ಸೋಕದಿರಲಿ ಎಂದು ಬರೆದೆ.

ನಮ್ಮ ಅಂಚೆ ಇಲಾಖೆಯ ಮೇಲಿನವರಿಗೂ ಒಂದು ಪ್ರತಿ ಕಳಿಸಿದೆ. ಅವರು ವಿವರಣೆ ಕೇಳಿದರು, ಕೊಟ್ಟೆ. ಎಚ್ಚರಿಕೆ ಪತ್ರ ಬಂದಿದೆ. ಸದ್ಯಕ್ಕೆ ಕೆಲಸ ಉಳಿದಿದೆ.

ಇದೆಲ್ಲ ಮಾಡಿದ ಮೇಲೂ ಹೇಳಬೇಕಾದವಳಿಗೆ ಹೇಳಿರಲಿಲ್ಲ. ಡಿಸೆಂಬರಿನಿಂದ ಕದಿರಮ್ಮ ನಮ್ಮ ಹೊಸಿಲು ತುಳಿದಿಲ್ಲ. ದುಃಖಕ್ಕೆ ಹೊರಗೆ ಬರುತ್ತಿಲ್ಲವೆಂದು ನಾನು ತಿಳಿದಿದ್ದೆ. ಮೊನ್ನೆ ಮಧ್ಯಾಹ್ನ ನಾನೇ ಹೋದೆ. ರಾಗಿ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮೊರ ನಿಲ್ಲಿಸಲಿಲ್ಲ. ಕೊನೆಗೆ ಹೇಳಿದಳು: "ನೀನು ರುಜು ಹಾಕ್ತಿದ್ದಿದ್ದು ನಂಗೆ ಗೊತ್ತಿತ್ತಕ್ಕ. ಆ ಹುಡುಗ ಬೈಕ್ ನಿಲ್ಲಿಸ್ತಿದ್ದುದು ನಮ್ಮ ಬಾಗಿಲ ಮುಂದೇನೆ, ನಿನ್ನ ರುಜು ಇರೋ ಹಾಳೆ ಅಲ್ಲೇ ಮಡಚಿ ಇಟ್ಕೊಳ್ತಿದ್ದ. ನೀನಾಗೇ ಬಂದು ಹೇಳ್ತೀಯ ಅಂತ ಆರು ತಿಂಗಳಿಂದ ಕಾಯ್ತಿದ್ದೆ."

ಕೂರು ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಸೊಣ್ಣಮ್ಮ

*

ದೇವನಹಳ್ಳಿ
14 ನವೆಂಬರ್ 2007

ಸೊಣ್ಣಾ,

ಲಕೋಟೆಯ ಮೇಲಿನ ಮುದ್ರೆ ನೋಡಿರುತ್ತೀಯ. ಅಮ್ಮಿಯ ಮನೆಯಿಂದ ಬರೆಯುತ್ತಿದ್ದೇನೆ. ಕೆಲಸ ಬಿಟ್ಟೆ. ಬಿಟ್ಟೆನೋ ಬಿಡಿಸಿದರೋ, ಎರಡೂ ಒಂದೇ ವಾರದಲ್ಲಿ ಆಯಿತು.

ಅಂತಿಮ ನಿಯಮ ಹೊರಬಿದ್ದಿದೆ. ಉಸ್ತುವಾರಿಯ ದೃಢೀಕರಣ ಉಳಿಯಿತು. ಖಾಲಿ ನಮೂನೆ, ಅಂಚೆಯ ಮೂಲಕ ನೇರ ನಿಧಿಯ ಕಚೇರಿಗೆ, ಕಂಪನಿಯವರು ಮುಟ್ಟುವಂತಿಲ್ಲ. ನೀನು ಕನ್ನಡದಲ್ಲಿ ಬರೆದದ್ದು ಈಗ ದೇಶಕ್ಕೆಲ್ಲ ನಿಯಮ. ಬ್ರಾಡ್‌ಬ್ಯಾಂಡಿಗೂ ಇದೇ ಅನ್ವಯ.

ಆದರೆ ಒಂಬತ್ತನೆಯ ಕಲಮು ಓದು. ಹೊಸ ವಿಮಾನ ನಿಲ್ದಾಣದ ಯೋಜನಾ ಪ್ರದೇಶದಲ್ಲಿ ಬರುವ ಹಳ್ಳಿಗಳು ಬೇಗನೆ ನಗರವಾಗಲಿವೆ, ಅಲ್ಲಿ ಸಹಾಯಧನದ ಫೋನು ನಡೆಸುವ ಹೊಣೆಯಿಂದ ಕಂಪನಿಗಳಿಗೆ ಬಿಡುಗಡೆ ಎಂದಿದೆ. ನಲವತ್ತೊಂದು ಹಳ್ಳಿ. ಬೂದಿಗೆರೆ ಕಡೆಯವು, ನಲ್ಲೂರಿನ ಸುತ್ತಿನವು. ಹದಿನೇಳನೆಯದು ಬೇಲದಿನ್ನೆ. ನಿನ್ನ ನಿಯಮ ನಿನ್ನೂರಿಗೆ ಅನ್ವಯಿಸುವುದಿಲ್ಲ.

ಆ ಕಲಮು ಬರೆದವಳು ನಾನು. ಹೋದ ಫೆಬ್ರವರಿಯಲ್ಲಿ, ನಿನ್ನ ಕಾಗದ ಖಾನೆಯಲ್ಲಿ ಬೀಗ ಹಾಕಿಟ್ಟಿದ್ದ ದಿನಗಳಲ್ಲೇ. ದಂಡದ ನಿಯಮ ಗಟ್ಟಿಯಾದರೆ ಕೆಲವು ಹಳ್ಳಿಗಳಿಂದಾದರೂ ತಪ್ಪಿಸಿಕೊಳ್ಳುವ ದಾರಿಯಿರಲಿ ಎಂದು ಕೇಳಿದರು. ನನ್ನದೇ ತಾಲೂಕಿನ ನಕ್ಷೆ ಮುಂದಿಟ್ಟುಕೊಂಡು ಗೆರೆ ಎಳೆದೆ. ಮಾರ್ಚಿನಲ್ಲಿ ನಿನಗೆ ಬರೆದಾಗ ನನ್ನದೂ ಒಂದಿದೆ ಎಂದು ಒಂದನ್ನೇ ಹೇಳಿದೆ. ಇದು ಎರಡನೆಯದು. ಇನ್ನು ಮೂರನೆಯದಿಲ್ಲ.

ಆ ಕಲಮಿಗೆ ಮರುಪರಿಶೀಲನೆ ಕೇಳಲು ಫೆಬ್ರವರಿ ಕೊನೆಯವರೆಗೆ ಅವಕಾಶವಿದೆ. ಯಾರೂ ಕೇಳುವುದಿಲ್ಲ ಎಂದು ಗೊತ್ತಿದ್ದೇ ಅವಧಿ ಇಟ್ಟಿರುತ್ತಾರೆ. ನಾನು ನಲವತ್ತೊಂದು ಹಳ್ಳಿಗೂ ಹೋಗಿ, ಎಲ್ಲಿ ಫೋನಿದೆ, ಎಲ್ಲಿ ಡಬ್ಬಿ ಮಾತ್ರ ಇದೆ ಎಂದು ಬರೆದುಕೊಂಡು ನನ್ನ ಹೆಸರಿನಲ್ಲೇ ಅರ್ಜಿ ಹಾಕುತ್ತೇನೆ. ಆ ಕಲಮಿನ ದೌರ್ಬಲ್ಯ ಬರೆದವಳಿಗಲ್ಲದೆ ಯಾರಿಗೆ ಗೊತ್ತು? ಒಬ್ಬಳೇ ಹೋದರೆ ಯಾರೂ ಬಾಯಿ ಬಿಡುವುದಿಲ್ಲ. ನಿನ್ನ ಜೊತೆ ಬೇಕು. ಡಿಸೆಂಬರ್ ಹತ್ತನೆಯ ತಾರೀಖು, ಸೋಮವಾರ, ಬೇಲದಿನ್ನೆಯಿಂದಲೇ ಶುರು ಮಾಡಬಹುದೇ? ನೀನು ಬರುವುದಿಲ್ಲ ಎಂದರೂ ನಾನು ಹೋಗುತ್ತೇನೆ. ಬೇರೆ ಊರಿನಿಂದ ಶುರು ಮಾಡುತ್ತೇನೆ ಅಷ್ಟೇ.

ತಂಜೀಲಾ

*

ಬೇಲದಿನ್ನೆ
4 ಡಿಸೆಂಬರ್ 2007

ತಂಜೀ,

ನಿನ್ನ ಕಾಗದ ಓದಿ ಒಲೆಗೆ ಹಾಕಬೇಕೆಂದು ಎದ್ದಿದ್ದೆ. ಹಾಕಲಿಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವಾಗ ಬೇಲದಿನ್ನೆ ಯಾವ ಕಡೆ ಬೀಳುತ್ತದೆ ಎಂದು ನೋಡಿಯೇ ಎಳೆದಿರುತ್ತೀಯ. ಅದರ ಬಗ್ಗೆ ನಾವಿಬ್ಬರೂ ಎದುರೆದುರು ಕೂತು ಮಾತಾಡಬೇಕು. ಬರವಣಿಗೆಯಲ್ಲಿ ಬೇಡ.

ಸೋಮವಾರ ಆಗುವುದಿಲ್ಲ, ಪಿಂಚಣಿ ಹಂಚುವ ದಿನ. ಮಂಗಳವಾರ ಬಾ. ಒಂದು ವಾರ ರಜೆ ಬರೆದು ಕೊಟ್ಟಿದ್ದೇನೆ.

ನೀನು ಬರುವವರೆಗೂ ಸುಮ್ಮನೆ ಕೂರಲಾಗಲಿಲ್ಲ. ಸುತ್ತಲಿನ ಶಾಖಾ ಪೋಸ್ಟ್ ಮಾಸ್ಟರುಗಳಿಗೆಲ್ಲ ಒಂದೊಂದು ಕಾರ್ಡು ಬರೆದೆ, ನಿಮ್ಮೂರಿನ ಫೋನು ಮಾತಾಡುತ್ತದೆಯೇ ಎಂದು ಮಾತ್ರ. ಹದಿನಾಲ್ಕು ಉತ್ತರ ಬಂದಿವೆ. ಒಂಬತ್ತು ಊರಲ್ಲಿ ಸತ್ತಿದೆ. ಒಂದೂರಲ್ಲಿ ಡಬ್ಬಿಯ ಮೇಲೆ ದೇವರ ಪಟ ಇಟ್ಟಿದ್ದಾರಂತೆ. ಜಡಿಗೇನಹಳ್ಳಿ ಕಡೆಯಿಂದಲೂ ಒಬ್ಬರು ಬರೆದಿದ್ದಾರೆ. ಅವರೂರು ನಿನ್ನ ಪಟ್ಟಿಯಲ್ಲಿಲ್ಲ, ಆದರೂ ಕೇಳಿಸಿಕೊಳ್ಳುವವರು ಸಿಕ್ಕರಲ್ಲ ಎಂದು ಮೂರು ಪುಟ.

ಅಚ್ಚು ಹಾಕಿದ ನಮೂನೆ ಏನನ್ನೂ ತರಬೇಡ. ಖಾಲಿ ಹಾಳೆ ತಾ. ಅವರು ಹೇಳಿದ್ದನ್ನು ಹೇಳಿದ ಹಾಗೆ ನಾನು ಬರೆಯುತ್ತೇನೆ, ಓದಿ ಹೇಳಿದ ಮೇಲೆ ಬೇಕೆಂದವರು ರುಜು ಹಾಕಲಿ. ಇಂಗ್ಲಿಷಿಗೆ ನೀನು ಮಾಡು. ಸಾಲು ಎಣಿಸುತ್ತೇನೆ.

ಬಸ್ಸು ಈಗ ನಮ್ಮ ಊರಿನೊಳಗೆ ಬರುವುದಿಲ್ಲ. ನಲ್ಲೂರಿನ ಹುಣಸೆ ತೋಪಿನ ಹತ್ತಿರ ಇಳಿ. ಅಲ್ಲಿಂದ ಎರಡು ಮೈಲಿ ನಡಿಗೆ, ಹಳೆಯ ಕಾಲುದಾರಿಗೆ ಬೇಲಿ ಹಾಕಿರುವುದರಿಂದ ಹೊಸಬರಿಗೆ ದಾರಿ ತಪ್ಪುತ್ತದೆ. ಕದಿರಮ್ಮನಿಗೆ ಎಲ್ಲ ತಿಳಿಸಿದ್ದೇನೆ, ಆ ಗೆರೆಯ ವಿಷಯವನ್ನೂ. ಆಮೇಲೆ, ಮಂಗಳವಾರ ಎಷ್ಟು ಹೊತ್ತಿನ ಬಸ್ಸು ಎಂದು ಕೇಳಿದಳು. ನಿನ್ನ ಜೊತೆ ಮಾತಾಡುವುದಿಲ್ಲವಂತೆ, ಅದನ್ನು ನಿನಗೆ ಮೊದಲೇ ಬರೆದುಬಿಡಬೇಕಂತೆ. ತೋಪಿನ ಹತ್ತಿರ ನಿಂತಿರುತ್ತಾಳೆ. ಅವಳ ಹಿಂದೆ ನಡೆದು ಬಾ.

ಸೊಣ್ಣಮ್ಮ